ಹದಿನೆಂಟನೆಯ ಸಾಲು

ಫೆಬ್ರವರಿಯಲ್ಲಿ ಸವರಿದ ಆಲಿವ್ ರೆಂಬೆಯ ಎಲೆ
ನೆರಳಲ್ಲಿ ಒಣಗಿ, ಗಿರಣಿಯಲ್ಲಿ ನುಣ್ಣಗಾಗಿ
ಜುಲೈವರೆಗೂ ಕಂದು ಸೀಸೆಯಲ್ಲಿ ಕಾದಿತ್ತು.
ಸ್ಫಾಕ್ಸಿನ ತೋಟದವರು ಇದನ್ನು ಕುರಿಗೆ ಹಾಕುತ್ತಾರೆ,
ಮಿಕ್ಕದ್ದು ಒಲೆಗೆ.
ನನಗೆ ಬೇಕಾದದ್ದು ಅದರ ಕಹಿ ಮಾತ್ರ.

ಮೊದಲು ಬರಿ ನೀರು ಹಾಕಿದೆ.
ನೀರು ಧಾರಾಳಿ. ಕರೆದವರ ಜೊತೆ
ಕರೆಯದವರನ್ನೂ ಎಬ್ಬಿಸಿಕೊಂಡು ಬಂತು:
ಸಕ್ಕರೆ, ಲೋಳೆ, ಉಪ್ಪು, ರಸ್ತೆಯ ಧೂಳು.
ಸೋಸುವ ಕಾಗದಕ್ಕೆ ಉಸಿರು ಕಟ್ಟಿ
ಒಂದು ಹನಿಗೂ ಮುಂದಿನ ಹನಿಗೂ ನಡುವೆ
ನಾನು ಒಂದು ಲೋಟ ಚಹಾ ಕುಡಿದು ಮುಗಿಸಿದೆ.

ಆಮೇಲೆ ಅಪ್ಪಟ ಎಥನಾಲ್.
ಅದಕ್ಕೆ ಹಸಿರಿನ ಹುಚ್ಚು.
ಮೇಣ, ಪತ್ರಹರಿತ್ತು, ಹೊಳೆಯುವುದನ್ನೆಲ್ಲ ಬಾಚಿಕೊಂಡು
ಕಹಿಯ ಮುಕ್ಕಾಲು ಪಾಲು ಎಲೆಯಲ್ಲೇ ಮರೆತು ಬಂತು.
"ಎಷ್ಟು ಚೆಂದ!" ಅಂದ ನನ್ನ ವಿದ್ಯಾರ್ಥಿ ಗಾಯ್ಥ್,
ಕುಪ್ಪಿಯನ್ನು ಕಿಟಕಿಗೆ ಹಿಡಿದು.
ಚೆಂದವಿತ್ತು, ನಿಜ. ಚೆಲ್ಲಿದೆವು.

ಹದ ಇರುವುದು ನೀರಿಗೂ ಮದ್ಯಕ್ಕೂ ಮಧ್ಯ ಎಲ್ಲೋ.
ಎಲ್ಲಿ?
ಕೈಯಲ್ಲಿ ಮೂರು ಹಿಡಿಕೆ: ಬೆರಕೆ, ಬಿಸಿ, ಹೊತ್ತು.
ಒಂದನ್ನು ತಿರುಗಿಸಿದರೆ ಇನ್ನೆರಡು ಮುನಿಸಿಕೊಳ್ಳುತ್ತವೆ.
ಬಿಸಿ ಏರಿಸಿದರೆ ಎಲೆ ಬೇಗ ಬಾಯಿ ಬಿಡುತ್ತದೆ,
ಇನ್ನೂ ಏರಿಸಿದರೆ ಹೊರಬಂದದ್ದೇ ಮುರಿದು ಬೀಳುತ್ತದೆ.
ಒಟ್ಟು ಹದಿನೇಳು ಪಾಕ.
ಅದರಲ್ಲಿ ಐದು ಸಲ ಅದದೇ ಅಳತೆ, ಅದದೇ ಬಿಸಿ:
ನಮ್ಮ ಕೈ ಎಷ್ಟು ಸುಳ್ಳು ಹೇಳುತ್ತದೆ ಎಂದು ತಿಳಿಯಲು.

ಪ್ರತಿ ಪಾಕದ ಒಂದು ತೊಟ್ಟು ನೇರಳೆ ದ್ರಾವಣಕ್ಕೆ,
ಅರ್ಧ ಗಂಟೆ ಕತ್ತಲೆ.
ಬೀರು ತೆರೆದಾಗ ನೇರಳೆ ಬಾಡಿ
ಹಳದಿಗೆ ತಿರುಗಿದ್ದರೆ ಕಹಿ ಕೆಲಸ ಮಾಡಿದೆ.
ಗಾಯ್ಥ್ ಬೀರುವಿನ ಮುಂದೆ
ಪರೀಕ್ಷೆಯ ಫಲಿತಾಂಶ ನೋಡುವವನಂತೆ ನಿಲ್ಲುತ್ತಿದ್ದ.

ಹದಿನಾಲ್ಕನೆಯ ದಿನ ಊರಿಗೆಲ್ಲ ನೀರು ನಿಂತಿತು.
ತಣ್ಣೀರಿಲ್ಲದೆ ಆವಿ ಇಳಿಯುವುದಿಲ್ಲ,
ಆವಿ ಇಳಿಯದೆ ಎಥನಾಲ್ ಬಿಡುವುದಿಲ್ಲ.
ಮೀನುಕಟ್ಟೆಗೆ ಓಡಿದೆ. ಶಾದ್ಲಿ
ಎರಡು ಬಕೆಟ್ ಐಸು ಕೊಟ್ಟು, ಕಾಸು ಬೇಡವೆಂದು,
"ಯಾವ ಕಾಯಿಲೆಗೆ, ಅಕ್ಕಾ?" ಎಂದು ಕೇಳಿದ.
"ಕಾಯಿಲೆಗಲ್ಲ. ಎಣ್ಣೆ ಕಮಟಾಗದಿದ್ದರೆ ಸಾಕು."
ಅವನ ಮುಖ ಸ್ವಲ್ಪ ಸಣ್ಣದಾಯಿತು.
ಯಾರಿಗೆ ಏನಾಗಿದೆಯೋ, ಕೇಳಲಿಲ್ಲ ನಾನು.
ಬಿಸಿನೀರಲ್ಲಿ ದುಂಡು ಕುಪ್ಪಿ ಸುತ್ತಿತು, ಸುತ್ತಿತು,
ಐಸಿನ ಮೇಲೆ ಅಂಟಿದ ಮೀನಿನ ಒಂದು ಪೊರೆ
ಟ್ಯೂಬ್‌ಲೈಟಿಗೆ ಮಿನುಗುತ್ತಲೇ ಇತ್ತು.

ಗಣಕಯಂತ್ರ ಗುಡ್ಡದ ಚಿತ್ರ ಬಿಡಿಸಿಕೊಟ್ಟಿತು.
ನೆತ್ತಿಯ ಮೇಲೆ ಒಂದು ಚುಕ್ಕಿ:
ಅರವತ್ತೆಂಟು ಪಾಲು, ಐವತ್ತೆರಡು ಡಿಗ್ರಿ,
ಮೂವತ್ತೆಂಟು ನಿಮಿಷ.
ಅಷ್ಟೇ. ಒಂದು ಬೇಸಿಗೆ ಅದರೊಳಗೆ ಬತ್ತಿ ಕೂತಿದೆ.

ಅಕ್ಟೋಬರಿನಲ್ಲಿ ಮನೆಯಲ್ಲಿ
ಅತ್ತೆ ಮಬ್ರೂಕಾ ಹಸಿ ಆಲಿವ್ ಜಜ್ಜಿ
ನೀರಲ್ಲಿ ಮುಳುಗಿಸಿಟ್ಟಳು. ದಿನಾ ಬೆಳಿಗ್ಗೆ
ಹಳೆ ನೀರು ಬಸಿದು ಹೊಸ ನೀರು.
ಹನ್ನೊಂದು ವರ್ಷ ಇದೇ ಮನೆಯಲ್ಲಿದ್ದೇನೆ.
ಬಸಿದದ್ದು ಮೋರಿಗೆ ಹೋಗುವುದನ್ನು
ಈ ಸಲ ನೋಡಿದೆ.

"ಅತ್ತೇ, ಚೆಲ್ಲಬೇಡಿ!"
"ಅಯ್ಯೋ, ಈ ಹೊಲಸಿಗೂ ಸೀಸೆಯೇ?"
ಮೂರನೆಯ ದಿನದ ನೀರಿಗೆ ನೇರಳೆ
ನಾನು ಬೀರು ಮುಚ್ಚುವಷ್ಟರಲ್ಲೇ ಸೋತಿತ್ತು.

ಒಂಬತ್ತನೆಯ ದಿನ ಒಂದು ಕಾಯಿ ಕಚ್ಚಿ,
ಕಣ್ಣು ಕಿರಿದಾಗಿಸಿ, "ಇನ್ನೊಂದು ನೀರು" ಅಂದಳು.
ಹತ್ತನೆಯ ದಿನ ಏನೂ ಅನ್ನದೆ
ಉಪ್ಪಿನ ಡಬ್ಬಿ ತೆಗೆದಳು.

ಪುಸ್ತಕದಲ್ಲಿ ಹದಿನೇಳರ ಕೆಳಗೆ ಬರೆದಿದ್ದೇನೆ:
ದ್ರಾವಕ, ನಲ್ಲಿ ನೀರು.
ಬಿಸಿ, ಅಡುಗೆಮನೆಯದು.
ಹೊತ್ತು, ಮಬ್ರೂಕಾ ಡಬ್ಬಿ ತೆಗೆಯುವವರೆಗೆ.
ಸಮೀಕರಣದಲ್ಲಿ ಈ ಸಾಲಿಗೆ ಜಾಗವಿಲ್ಲ.
ಗಾಯ್ಥ್ ಎರಡು ಸಲ ಕೇಳಿದ, ಹೊಡೆದುಹಾಕಲೇ ಎಂದು.