ಎಷ್ಟು ಸದ್ದು ಉಳಿಸಲಿ?

ಕೌಲ್ ಬಜಾರಿನಲ್ಲಿ, ಗುಜರಿ ಅಂಗಡಿಗಳ ಸಾಲಿನಾಚೆ
ಮೂರನೆಯ ತಗಡಿನ ಶೆಡ್ಡು.
ಬೋರ್ಡಿಲ್ಲ. ಬಾಗಿಲ ಮೇಲೆ ತಂತಿಯಲ್ಲಿ ತೂಗುವ
ಹಳೆಯ ಸೈಲೆನ್ಸರುಗಳೇ ಬೋರ್ಡು.
ಗಾಳಿ ಬಂದಾಗ ಒಂದಕ್ಕೊಂದು ತಾಕಿ
ದನದ ಗಂಟೆಯ ಹಾಗೆ ಠಣ್ಣೆನ್ನುತ್ತವಂತೆ.
ಅಂತೆ. ನನಗೆ ಕೇಳಿಸುವುದಿಲ್ಲ.

ಇಪ್ಪತ್ತಾರು ವರ್ಷ ಟಿಪ್ಪರ್ ಓಡಿಸಿದವನು.
ಸಂಡೂರಿನ ಗುಡ್ಡದಿಂದ ಬೇಲೆಕೇರಿಯ ಬಂದರಿಗೆ
ಅದಿರಿನ ಜೊತೆ ನನ್ನ ಎಡಗಿವಿಯನ್ನೂ
ಚೂರು ಚೂರಾಗಿ ಹಡಗು ಹತ್ತಿಸಿ ಬಂದಿದ್ದೇನೆ.
ಗಣಿ ನಿಂತ ವರ್ಷ ಆರು ತಿಂಗಳ ಸಂಬಳದ ಬದಲು
ಮ್ಯಾನೇಜರು ಕೊಟ್ಟದ್ದು ಈ ಫಿಯೆಟ್ಟು,
ಅರವತ್ತಾರನೇ ಇಸವಿಯದು, ಹುಳಿಮಜ್ಜಿಗೆ ಬಣ್ಣ.
ಸಂಬಳವೇ ಆಗಿದ್ದರೆ ಯಾವತ್ತೋ ತೀರಿಹೋಗುತ್ತಿತ್ತು.

ಈಗ ಅದರ ಹೊಟ್ಟೆಯ ಕೊಳವೆಯನ್ನು ತುಕ್ಕು ತಿಂದು
ಕೀಲಿ ತಿರುಗಿಸಿದರೆ ಓಣಿಗೆ ಓಣಿಯೇ ಎದ್ದು ಕೂರುತ್ತದೆ.
ಎದುರು ಮನೆಯ ದೇವಕೃಪಾ ದೊಡ್ಡಾಸ್ಪತ್ರೆಯ ನರ್ಸು,
ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗುವವಳು.
ಜಗಳಕ್ಕೆ ಬರಲಿಲ್ಲ. ಕಿಟಕಿಗೊಂದು ದುಪ್ಪಟಿ ಕಟ್ಟಿದಳು,
ಮರುವಾರ ಅದರ ಮೇಲೆ ಇನ್ನೊಂದು.
ಆ ಎರಡನೆಯ ದುಪ್ಪಟಿ ನೋಡಿ ನಾನು ಇಲ್ಲಿಗೆ ಬಂದೆ.

ಹುಸೇನ್ ಪೀರಾ ಮೂರು ತಂದು ಗೋಣಿಯ ಮೇಲಿಟ್ಟ.
ಒಂದು ನೇರ ಕೊಳವೆ, ಸುತ್ತ ಗಾಜಿನ ಹತ್ತಿ:
"ಒಂದ್ ವರ್ಷ ಹೂವಿನಂಗ ಇರ್ತೈತಿ. ಆಮ್ಯಾಲೆ ಹತ್ತಿ ಸುಟ್ಟು
ಮದುವಿ ಬ್ಯಾಂಡ್ ಆಗ್ತೈತಿ."
ಇನ್ನೊಂದು ಯಾವುದೋ ವ್ಯಾನಿನದು, ಅಗ್ಗ;
ಅದನ್ನು ತಾನೇ ಕಾಲಿನಿಂದ ಆಚೆ ತಳ್ಳಿದ.
ಮೂರನೆಯದು ಅವನೇ ಮಡಿಸಿ ಬೆಸೆದದ್ದು, ಒಳಗೆ ನಾಲ್ಕು ಕೋಣೆ:
"ಸದ್ದು ಒಳಗ ಹೋಗಿ, ಈ ಕೋಣ್ಯಾಗ ಬಡಕೊಂಡು ಆ ಕೋಣಿಗೆ ತಿರುಗಿ,
ತಾನು ಯಾಕ ಬಂದೆ ಅನ್ನೋದ ಮರೀತೈತಿ.
ಆದ್ರ ಕೋಣಿ ಹೆಚ್ಚಾದಷ್ಟೂ ಇಂಜಿನ್ನಿಗೆ ಉಸಿರು ಕಟ್ತೈತಿ.
ಎಷ್ಟು ಸದ್ದು ಉಳಸ್ಲಿ, ಹೇಳ್ರಿ?"

ಇದನ್ನು ಎರಡು ಸಲ ಕೂಗಿ ಹೇಳಿದ.
ನಾನು ಎರಡು ಸಲ "ಆಂ?" ಅಂದೆ.
ನಾನು ಉತ್ತರ ಕೊಟ್ಟಾಗ ಅವನೂ "ಆಂ?" ಅಂದ.
ಮೂವತ್ತು ವರ್ಷದ ಸುತ್ತಿಗೆ ಅವನ ಕಿವಿಯಲ್ಲಿ.
ಇಬ್ಬರು ಕಿವುಡರು ಕೂತು ನಿಶ್ಶಬ್ದದ ಚೌಕಾಸಿ ಮಾಡುತ್ತಿದ್ದೆವು.

ಕೊನೆಗೆ ಸಾಕ್ಷಿಗೆಂದು ಗಾದಿಲಿಂಗನನ್ನು ಕರೆದ,
ಪಾನಾ ಒರೆಸುತ್ತಿದ್ದವನು, ಮೀಸೆ ಈಗ ಚಿಗುರಿದೆ.
ಹಿಂದಿನ ಬಂಪರಿನ ಬಳಿ ಕುಕ್ಕರುಗಾಲಲ್ಲಿ ಕೂತು
ಕಣ್ಣು ಮುಚ್ಚಿದ.
ಹುಸೇನ್ ಪೀರಾ ಚಾ ತುಂಬಿದ ಗ್ಲಾಸು ಬಾನೆಟ್ಟಿನ ಮೇಲಿಟ್ಟು
ಅದರ ಕೆನೆಯನ್ನೇ ನೋಡುತ್ತ ನಿಂತ.
ಕೀಲಿ ತಿರುಗಿಸಿದೆ.
ಕೆನೆ ಒಮ್ಮೆ ನಡುಗಿ ಸುಮ್ಮನಾಯಿತು.

"ಹೆಂಗೈತಲೇ?"
ಹುಡುಗ ಯೋಚಿಸಿದ.
"ಅವ್ವ ಹಿಟ್ಟು ಜರಡಿ ಹಿಡದಂಗ ಐತಿ."
ಅಷ್ಟಿರಲಿ, ಅಂದೆ.

ಕೋಟೆಗುಡ್ಡದ ಮಗ್ಗುಲಿಂದ ಮನೆಗೆ ಬರುವಾಗ
ರಸ್ತೆ ನಡುವಿನ ಎಮ್ಮೆ, ಬಂಪರು ಬಾಲಕ್ಕೆ ತಾಗುವ ತನಕ
ಹಿಂತಿರುಗಿ ನೋಡಲಿಲ್ಲ.
ಹಾರ್ನು ಒತ್ತಲು ನನಗೇ ನಾಚಿಕೆಯಾಯಿತು.

ತಿಪ್ಪಮ್ಮ ಟಿಪ್ಪರಿನ ಕಾಲದಿಂದಲೂ
ನನ್ನ ಗಾಡಿ ತಿರುವಿಗೆ ಬಂದದ್ದು ಕೇಳಿ ಹಂಚಿಗೆ ರೊಟ್ಟಿ ಹಾಕುವವಳು;
ನಾನು ಕಾಲು ತೊಳೆಯುವಷ್ಟರಲ್ಲಿ ಅದು ಉಬ್ಬಿರುತ್ತಿತ್ತು.
ಇವತ್ತು ಕದ ಹಾಕಿತ್ತು.
ನನ್ನ ಮನೆಯ ಕದವನ್ನು ನಾನು ತಟ್ಟಿದ್ದು ಇದೇ ಮೊದಲು.
"ಯಾರು?"
ಬಲಗಿವಿಗೆ ಸರಿಯಾಗಿ ಬಿತ್ತು.
ಪರರಿಗೆಂದು ಅವಳು ಬೇರೆ ಇಟ್ಟುಕೊಂಡಿದ್ದ ದನಿ,
ಇಷ್ಟು ವರ್ಷ ನನಗೆ ಕೇಳಿಸದೆ ಉಳಿದದ್ದು.
"ನಾನು" ಅನ್ನಲು ಸ್ವಲ್ಪ ಹೊತ್ತು ಹಿಡಿಯಿತು.

ಒಲೆ ಹಚ್ಚಲು ಹೋದವಳು ಅರ್ಧಕ್ಕೇ ನಿಂತು,
"ಗಾಡಿ ಬಂದ್ ಮಾಡೀರೋ ಇಲ್ಲೋ?"
ಹೋಗಿ ನೋಡಿದೆ. ಕೀಲಿ ಅದರಲ್ಲೇ.
ಬಗ್ಗಿ ಕೊಳವೆಯ ಬಾಯಿಗೆ ಅಂಗೈ ಹಿಡಿದೆ:
ಬಿಸಿ ಉಸಿರು.
ಎದುರು ಕಿಟಕಿಯಲ್ಲಿ ಎರಡೂ ದುಪ್ಪಟಿ
ಅಲುಗದೆ ಇದ್ದವು.