ಲೀಟರಿಗೆ ಮೂವತ್ತೈದು ಗ್ರಾಂ

ಹಗಲೆಲ್ಲ ಹಿದ್ದ್‌ನ ಘಟಕದಲ್ಲಿ
ಕಡಲಿನಿಂದ ಉಪ್ಪು ಕಳೆಯುವುದು ನನ್ನ ಕೆಲಸ.
ಕೊಳವೆಯ ಈ ತುದಿಯಲ್ಲಿ ಕೊಲ್ಲಿ,
ಆ ತುದಿಯಲ್ಲಿ ಊರಿನ ಚಹಾ,
ನಡುವೆ ಬಿಳಿ ಕೋಟು ತೊಟ್ಟು ನಾನು
ಸೀಸೆಗೊಂದು ಚೀಟಿ ಹಚ್ಚುತ್ತ.

ಮನೆಗೆ ಬಂದು ಅದೇ ನೀರಿಗೆ
ಬಕೆಟ್ಟಿನಲ್ಲಿ ಉಪ್ಪು ಬೆರೆಸುತ್ತೇನೆ.
ಮಾಬ್ಲ ನಗುತ್ತಾನೆ:
"ಸಂಬಳ ತಗೊಂಡು ತೆಗೆದದ್ದನ್ನ
ಸಂಬಳ ಸುರಿದು ಹಾಕ್ತೀಯಲ್ಲೇ!"
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ಉಪ್ಪು ತಿಂದ ನೀರು ಏನು ಮಾಡಬೇಕು?

ಮೊದಲು ಟೇಪು.
ಮುಹರ್ರಕ್‌ನ ಎರಡನೇ ಮಹಡಿಯ ನೆಲದ ಮೇಲೆ
ನಾಲ್ಕಡಿ ಉದ್ದ, ಎರಡಡಿ ಅಗಲ, ಕಪ್ಪು ಗೆರೆ.
ಒಂದು ತಿಂಗಳು ಅದನ್ನು ಸುತ್ತಿ ನಡೆದೆವು
ಹಸಿ ರಂಗೋಲಿಯನ್ನು ಸುತ್ತುವಂತೆ.
ತಾರಿಣಿ ಮಾತ್ರ ಒಳಗೆ ಅಂಗಾತ ಮಲಗಿ
ಉಸಿರು ಕಟ್ಟಿ ಬೆರಳೆಣಿಸುತ್ತಿದ್ದಳು:
ನಲವತ್ತೊಂದು, ನಲವತ್ತೆರಡು.

ಮನೆಯ ಮಾಲೀಕ ಅಬು ಜಾಸಿಮ್ ಬಂದ.
ಅರ್ಧ ಟನ್ನು ಎಂದೊಡನೆ ಅವನ ಜಪಮಣಿ ನಿಂತಿತು.
ಗೋಡೆ ಕುಟ್ಟಿ, ಕಿವಿಗೊಟ್ಟು, ತೊಲೆಯಿರುವ ಕಡೆ ತೋರಿಸಿದ:
"ಇಲ್ಲಿ. ನನ್ನಜ್ಜ ಕಾಲಿಗೆ ಕಲ್ಲು ಕಟ್ಟಿಕೊಂಡು
ಮುತ್ತಿಗಾಗಿ ಮುಳುಗುತ್ತಿದ್ದ.
ನೀನು ಕಡಲನ್ನೇ ಮೆಟ್ಟಿಲು ಹತ್ತಿಸುತ್ತೀ.
ಕೆಳಗೆ ಮಲಗುವವನು ನಾನು, ನೆನಪಿರಲಿ."

ಬಡಗಿ ಜಮಾಲ್ ಸ್ಟ್ಯಾಂಡು ತಂದ ದಿನ
ರಸಮಟ್ಟದ ಗುಳ್ಳೆ ನಡುವೆ ನಿಲ್ಲಲೊಲ್ಲದು.
ಎಡಮೂಲೆಯಲ್ಲಿ ಉಗುರಿನಷ್ಟು ತಗ್ಗು.
ಪರ್ಸಿನಲ್ಲಿ ಅವಧಿ ಮೀರಿದ ಗುರುತಿನ ಕಾರ್ಡು,
ಬಂದ ವರುಷದ್ದು; ಇಪ್ಪತ್ತಾರರ ಮುಖ,
ಕ್ಯಾಮೆರಾಗೆ ಹೆದರಿದ ಕಣ್ಣು.
ಅಡಿಗೆ ತುರುಕಿದೆವು. ಗುಳ್ಳೆ ನಡುವೆ ಬಂತು.

ಆಮೇಲೆ ಮರಳು,
ಇನ್ನಾರದೋ ತೊಟ್ಟಿಯಲ್ಲಿ ವರ್ಷಗಟ್ಟಲೆ ನೆಂದ ಕಲ್ಲು,
ನೀರು. ಮತ್ತೆ ಏನೂ ಇಲ್ಲ.
ಏನೂ ಇಲ್ಲದಿರುವುದೇ ಕೆಲವು ವಾರದ ಕೆಲಸ.
ಒಂದು ಸಿಗಡಿಯನ್ನು ಒಳಗೆ ಕೊಳೆಯಲು ಬಿಟ್ಟೆ.
ಕುಮಟೆ ಕಡೆಯ ಗಂಡಸಿಗೆ ಇದಕ್ಕಿಂತ ಸಂಕಟ ಉಂಟೇ?
"ಕೇಳಿದ್ದರೆ ಕಾಯಿ ತುರಿದು ಕೊಡುತ್ತಿದ್ದೆ," ಎಂದ ಮಾಬ್ಲ.
ಕೊಳೆತದ್ದು ವಿಷವಾಗಬೇಕು, ವಿಷ ತಿನ್ನುವವು
ಕಲ್ಲಿನ ತೂತುಗಳಲ್ಲಿ ಕಣ್ಣಿಗೆ ಕಾಣದೆ ಸಂಸಾರ ಹೂಡಬೇಕು.
ದಿನಾ ರಾತ್ರಿ ಪ್ರನಾಳದಲ್ಲಿ ಹಸಿರು, ಇನ್ನೂ ಹಸಿರು.
ಹಳದಿ ಬರುವ ತನಕ ಮೀನಿಲ್ಲ.
ತಾರಿಣಿಯ ಗೆಳತಿಯರು ಬಂದು
ಖಾಲಿ ನೀರನ್ನು ನೋಡಿ ಹೋದರು.

ಜುಲೈಯಲ್ಲಿ ಒಂದು ವಾರ ನನಗೆ ರಾತ್ರಿಪಾಳಿ.
ನೀರು ದಿನಕ್ಕೊಂದು ಬೆರಳು ಇಳಿಯಿತಂತೆ.
ಮಾಬ್ಲ ಮುತುವರ್ಜಿಯಿಂದ ತುಂಬಿಸಿದ
ಉಪ್ಪು ಬೆರೆಸಿಟ್ಟ ಬಕೆಟ್ಟಿನಿಂದ.
ಬಂದು ಅಳೆದರೆ ಮೂವತ್ತೊಂಬತ್ತು!
ಜಗಳಕ್ಕೆ ಬಾಯಿ ತೆರೆದೆ,
ಅಷ್ಟರಲ್ಲಿ ಅವ್ವಿಯ ವಿಡಿಯೋ ಕರೆ.

ಅವ್ವಿ ಸಾಣಿಕಟ್ಟಾದ ಆಗರದಲ್ಲಿ
ಇಪ್ಪತ್ತೆಂಟು ಬೇಸಗೆ ಉಪ್ಪು ಎಳೆದವಳು.
ಅವಳೂ ತೆಗೆದಳು, ನಾನೂ ತೆಗೆದೆ;
ಹಿಂತಿರುಗಿಸುತ್ತಿರುವುದು ಮನೆತನದಲ್ಲಿ ಇದೇ ಮೊದಲು.

ಫೋನು ಗಾಜಿನತ್ತ ಹಿಡಿದೆ.
"ಅಂಚಿಗೆ ಉಪ್ಪು ಹೂ ಬಿಟ್ಟದೆ," ಎಂದಳು.
"ಆರಿ ಹೋಗೂದು ನೀರೊಂದೇ ಮಗಾ,
ಉಪ್ಪು ಎಲ್ಲಿಗೂ ಹೋಗೂದಿಲ್ಲ.
ಸಪ್ಪೆ ನೀರು ಹಾಕು."
ಎಂಎಸ್ಸಿ ಓದಿದ ನಾನು ತಲೆಯಾಡಿಸಿದೆ.
ಮಾಬ್ಲ ಫ್ಯಾನು ನೋಡಿದ.

"ಮತ್ತೆ ಇದರೊಳಗೆ ಯಾರಿದ್ದಾರೆ?"
"ಯಾರೂ ಇಲ್ಲ ಅವ್ವಿ, ಇನ್ನೊಂದು ವಾರ ಬೇಕು."
"ಹಂಗಾರೆ ಆ ಕಲ್ಲಿನ ಸಂದಿಯಿಂದ
ಕೈ ಹೊರಗೆ ಹಾಕಿದವರು ಯಾರು?"