ಹಲಗೆಯ ಅಡಿಯಿಂದ

ಕೂತುಕೊಳ್ಳಿ. ಆ ಕುರ್ಚಿ ಬೇಡ, ಅದಕ್ಕೆ ಒಂದು ಕಾಲು ಗಿಡ್ಡ.
ಬಡಗಿಯ ಮನೆಯ ಕುರ್ಚಿ ಯಾವತ್ತೂ ಹಾಗೇ.
ಆನ್ಸೆಲ್ ರೋರ್‌ಬಾಕ್ ಬಗ್ಗೆ ಬರೆಯುತ್ತೇನೆ ಅಂದಿರಿ,
ಮೂರು ವರ್ಷ ಒಂದೇ ಸಮನೆ ಗೆದ್ದವನು,
ಇನ್ನು ಮೇಲೆ ಟೌನ್ ಹಾಲಿನೆದುರು ಕಂಚಾಗಿ ನಿಲ್ಲುವವನು.
ಕೇಳಿ. ಆದರೆ ನಾನು ಅವನ ಓಟ ಕಂಡವನಲ್ಲ,
ಓಟದ ಹೊಟ್ಟೆಯಡಿ ಕೂತಿದ್ದವನು.

ಇಲ್ಲೇ, ಕೆಟ್ಲರ್ಸ್ ಗ್ಯಾಪಿನಲ್ಲಿ,
ಈಗ ಜೋಳ ಬೆಳೆಯುವ ಆ ತಗ್ಗಿನಲ್ಲಿ
ಒಂದೂಕಾಲು ಮೈಲಿಯ ಮರದ ಬಟ್ಟಲು.
ಪೈನ್ ಪಟ್ಟಿಗಳನ್ನು ಮಗ್ಗುಲಾಗಿ ನಿಲ್ಲಿಸಿ
ಒಂದರ ಬೆನ್ನಿಗೊಂದು ಜಡಿದದ್ದು.
ಮೊಳೆಯೇ ನಲವತ್ತು ಟನ್ನು.
ಎರಡು ಚಳಿಗಾಲ ಹಿಮ ಕುಡಿಯಿತು, ಮೂರನೆಯದಕ್ಕೆ ಕೊಳೆಯಿತು.
ಪೆನ್ಸಿಲ್ವೇನಿಯಾದ ಹಿಮಕ್ಕೆ ಚಾಂಪಿಯನ್ನೂ ಒಂದೇ, ಪೈನೂ ಒಂದೇ.
ಮೇಲೆ ಕಾರು, ಕೆಳಗೆ ನಾವು ಹನ್ನೊಂದು ಜನ,
ಹೆಚ್ಚಿನವರು ಸ್ಲೋವಾಕರು,
ತುಟಿಯಲ್ಲಿ ಮೊಳೆ, ಕೈಯಲ್ಲಿ ಲಾಂದ್ರ.

ಕಾರು ಬರುವುದು ಮೊದಲು ಮೊಳೆಗೆ ತಿಳಿಯುತ್ತಿತ್ತು,
ಆಮೇಲೆ ಹಲ್ಲಿಗೆ,
ಕಿವಿಗೆ ಕೊನೆಯಲ್ಲಿ.
ಸಂದಿನಿಂದ ಬೆಳಕಿನ ಜೊತೆ ಹರಳೆಣ್ಣೆ ತೊಟ್ಟಿಕ್ಕುತ್ತಿತ್ತು.
ಹೌದು ಸ್ವಾಮಿ, ಹರಳೆಣ್ಣೆಯೇ,
ಆ ಎಂಜಿನ್ನುಗಳು ಅದನ್ನೇ ಕುಡಿಯುತ್ತಿದ್ದವು.
ಮನೆಗೆ ಹೋದರೆ ಮಕ್ಕಳು ಮಂಚದಡಿ ನುಗ್ಗುತ್ತಿದ್ದವು,
ಅಪ್ಪ ಚಮಚ ತಂದನೋ ಏನೋ ಎಂದು.

ಮಿಕ್ಕವರ ಕಾರು ಹಲಗೆಯನ್ನು ಒದೆಯುತ್ತಿತ್ತು.
ಅವನದು, ಒಂದೇ ಎಳೆತಕ್ಕೆ ಹೊಸ ಬಟ್ಟೆ ಹರಿದ ಹಾಗೆ.
ಕಣ್ಣು ಮುಚ್ಚಿ ಹೇಳುತ್ತಿದ್ದೆ, ಇದು ರೋರ್‌ಬಾಕ್.
ಪಕ್ಕದ ವೆಂಡೆಲಿನ್ ಐದು ಸೆಂಟು ಪಂದ್ಯ ಕಟ್ಟಿ
ಬೇಸಿಗೆಯುದ್ದಕ್ಕೂ ಸೋತ.

ಇಪ್ಪತ್ತೈದರ ಸೆಪ್ಟೆಂಬರ್. ನೂರೆಪ್ಪತ್ತನೆಯ ಸುತ್ತೋ, ಒಂದು ಹೆಚ್ಚೋ.
ಉತ್ತರದ ತಿರುವಿನಲ್ಲಿ ಒಂದು ಪಟ್ಟಿ ಮುರಿದು ಜೋತುಬಿತ್ತು.
ಬೆನ್ನು ಕೊಟ್ಟೆ.
ಶೌರ್ಯ ಅಂತ ಬರೆದುಕೊಳ್ಳಬೇಡಿ,
ಸುತ್ತಿಗೆ ಕೈಜಾರಿ ಕೆಳಗೆ ಬಿದ್ದಿತ್ತು, ಅಷ್ಟೇ.
ಭಾರ ಹೊತ್ತದ್ದು ಅಕ್ಕಪಕ್ಕದ ಪಟ್ಟಿಗಳು, ನಡುಕ ಮಾತ್ರ ನನ್ನದು.
ಆರು ಕಾರು ಹಾದವು. ಏಳನೆಯದು ಅವನು.
ಗರಿ ಸವರಿದಂತಿತ್ತು
ಎಂದು ಮೂವತ್ತಾರು ವರ್ಷ ಹೇಳಿಕೊಂಡು ಬಂದಿದ್ದೇನೆ.
ಈಗ ನಿಜ ಹೇಳಲೇ?
ಎಲ್ಲಕ್ಕಿಂತ ನೋಯಿಸಿದ್ದು ಅವನದೇ.

ಸಂಜೆ ಅವನೇ ಕೆಳಗಿಳಿದು ಬಂದ,
ಕೊರಳಲ್ಲಿ ಬಾಡಿದ ಹಾರ, ಕೆನ್ನೆಯಲ್ಲಿ ಬೆರಳುದ್ದ ಸಿಬಿರು.
‘ಡಾಕ್ಟರು ಕುಡಿದಿದ್ದಾನೆ, ನಿನ್ನ ಹತ್ತಿರ ಇಕ್ಕಳ ಇದೆಯಲ್ಲ?’
ಕಿತ್ತೆ. ಹಲ್ಲು ಕಚ್ಚಿ ನಿಂತ.
ನನ್ನ ಅಂಗಿಯ ಬೆನ್ನು ನೋಡಿದ.
‘ಉತ್ತರದ ತಿರುವಾ?’
‘ಹ್ಞೂಂ.’
‘ಅಲ್ಲಿ ಮೆತ್ತಗಿತ್ತು’ ಅಂದ.
ಜೀವಮಾನಕ್ಕೆಲ್ಲ ನಮ್ಮ ಮಾತು ಇಷ್ಟೇ.

ಮಿಕ್ಕವರು ಹಲಗೆಯ ಮೇಲೆ ಸತ್ತರು. ಇವನು ಸಾಯಲಿಲ್ಲ.
ಸೇತುವೆಯ ಪಕ್ಕ ಪೆಟ್ರೋಲು ಮಾರಿದ,
ದಪ್ಪಗಾದ, ಚಿಲ್ಲರೆ ಎರಡು ಸಲ ಎಣಿಸುತ್ತಿದ್ದ.
ಭಾನುವಾರ ಇಗರ್ಜಿಗೆ ಹಳೆಯ ಫೋರ್ಡಿನಲ್ಲಿ
ಎಂಥ ನಿಧಾನ ಅಂತೀರಿ,
ಹಿಂದಿನ ಹುಡುಗರು ಹಾರ್ನ್ ಒತ್ತಿ ಬೈಯುತ್ತಿದ್ದರು,
ಯಾರನ್ನು ಬೈಯುತ್ತಿದ್ದೇವೆಂದು ತಿಳಿಯದೆ.
ಅವನು ಕೈ ಹೊರಗೆ ಚಾಚಿ ಬೀಸುತ್ತಿದ್ದ,
ಹೋಗ್ರಪ್ಪಾ, ಹೋಗಿ, ಮುಂದೆ ಹೋಗಿ.

ಬಟ್ಟಲು ಬಿಚ್ಚಿದಾಗ ಗಾಡಿಗೊಂದು ಡಾಲರು.
ಉತ್ತರದ ತಿರುವಿನದೇ ಬೇಕೆಂದು ಹಟಹಿಡಿದು
ಎರಡು ಗಾಡಿ ತಂದೆ.
ಮುರಿದದ್ದು ಒಲೆಗೆ. ಎಣ್ಣೆ ಕುಡಿದ ಮರ, ಭುಗ್ಗೆನ್ನುತ್ತಿತ್ತು.
‘ನಿನ್ನ ರೋರ್‌ಬಾಕ್ ಇನ್ನೂ ಓಡುತ್ತಿದ್ದಾನೆ, ಸಾರು ಉಕ್ಕಿಸಿದ’
ಎಂದು ರೇಗುತ್ತಿದ್ದಳು ನನ್ನ ಜುಜಾನಾ.
ಈಗ ಅವಳೂ ಇಲ್ಲ, ಆ ಒಲೆಯೂ.

ಗಟ್ಟಿ ಉಳಿದದ್ದರಲ್ಲಿ ಕೋಳಿಗೂಡು ಕಟ್ಟಿದೆ.
ಬನ್ನಿ, ತೋರಿಸುತ್ತೇನೆ, ತಲೆ ಬಗ್ಗಿಸಿ.
ಅಗೋ, ಆ ಕಪ್ಪು ಗೆರೆ ಟೈರಿನದು.
ಯಾರ ಟೈರು ಅಂತ ಕೇಳಬೇಡಿ,
ನನಗೆ ಕೇಳಿ ಗೊತ್ತು, ನೋಡಿ ಗೊತ್ತಿಲ್ಲ.
ಫೋಟೊ ಬೇಕೇ? ತೆಗೆಯಿರಿ.
ಕೋಳಿ ಮಾತ್ರ ಏಳುವುದಿಲ್ಲ,
ಕಾವಿಗೆ ಕೂತಿದೆ.